ಹರಿಗೋಲಿನ ಮೇಲೊಂದು ಅಂಕಿ

ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ, ಎಡಬಲಗಳೂ ಇಲ್ಲ. ಬುಟ್ಟಿಯಂತೆ ದುಂಡಗಿರುವ ಈ ಜಲವಾಹನದಲ್ಲಿ ಅಂಬಿಗನು ಯಾವ ಮಗ್ಗುಲಿಗೆ ಕುಳಿತು ಹುಟ್ಟು ಹಾಕುವನೋ ಆ ಹೊತ್ತಿಗೆ ಅದೇ ಮುಂಭಾಗ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್, ಆನೆಗೊಂದಿಯ ಬಳಿ ಜನರು ಬುಟ್ಟಿಯಂತಹ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದವೆಂದೂ, ನೇರವಾಗಿ ಸಾಗದೆ ಸದಾ ಸುತ್ತುತ್ತಲೇ ಇರುತ್ತಿದ್ದವೆಂದೂ ಅವನು ಹೇಳುತ್ತಾನೆ. ಐನೂರು ವರ್ಷಗಳ ಬಳಿಕವೂ ನಮ್ಮ ಕಾವೇರಿಯ ಹರಿಗೋಲು ಹಾಗೆಯೇ ಸುತ್ತುತ್ತಿದೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯೂ ಟಾರೂ ಬಂದಿವೆ ಎಂಬುದಷ್ಟೇ ವ್ಯತ್ಯಾಸ.

ಇಂತಹ ಹರಿಗೋಲಿಗೆ ಒಂದು ಗುರುತಿನ ಸಂಖ್ಯೆಯನ್ನು ಬರೆಯಬೇಕಾದರೆ ಎಲ್ಲಿ ಬರೆಯಬೇಕು? ಬರೆದದ್ದು ಅಳಿಯದಂತೆ, ಮುಚ್ಚಿಹೋಗದಂತೆ ಉಳಿಸಿಕೊಳ್ಳುವುದು ಹೇಗೆ? ಮೇಲುನೋಟಕ್ಕೆ ಇದು ಅಷ್ಟೇನೂ ಮಹತ್ತ್ವದ ಪ್ರಶ್ನೆಯಲ್ಲವೆಂದು ತೋರಬಹುದು. ಆದರೆ ಒಂದು ಕುಟುಂಬದ ಅನ್ನ ಈ ಪ್ರಶ್ನೆಗೆ ಗಂಟುಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಇದನ್ನು ಸ್ವಲ್ಪ ಸಾವಧಾನದಿಂದ ಓದಬೇಕೆಂದು ಕೋರುತ್ತೇನೆ.

ಈ ವಿಷಯವಾಗಿ ನನ್ನ ಕುತೂಹಲ ಮೊದಲಾದುದು ಅಮೆರಿಕದಿಂದ ಬಂದ ಒಂದು ಪತ್ರದಿಂದ. ನಾಗಮಂಗಲದ ಪ್ರೌಢಶಾಲೆಯಲ್ಲಿ ನನ್ನ ಬಳಿ ಗಣಿತ ಕಲಿತ ಹುಡುಗನೊಬ್ಬ ಅಲ್ಲಿ ಸರೋವರಗಳಿರುವ ಸೀಮೆಯಲ್ಲಿ ನೆಲೆಸಿದ್ದಾನೆ. ರಜಾದಿನಗಳಲ್ಲಿ ಮಕ್ಕಳನ್ನು ಕರೆದೊಯ್ಯಲು ಹಳೆಯದೊಂದು ಸಣ್ಣ ದೋಣಿಯನ್ನು ಕೊಂಡನಂತೆ. ಕೊಳ್ಳುವ ಮುನ್ನ ಅವನು ಮಾಡಿದ ಮೊದಲ ಕೆಲಸವೆಂದರೆ ದೋಣಿಯ ಹಿಂಬದಿಯ ಹಲಗೆಯ ಬಳಿ ಮಂಡಿಯೂರಿ ಕುಳಿತು ಅದರ ಒಡಲಿನ ಗುರುತಿನ ಸಂಖ್ಯೆಯನ್ನು ಹುಡುಕಿದ್ದು. “ಕೆರೆಯ ಊರಿನಿಂದ ಬಂದವನಿಗೆ ಇದೊಂದು ಹೊಸ ಪಾಠ, ಸಾರ್” ಎಂದು ಅವನು ಬರೆದಿದ್ದ. ಆ ಪಾಠವನ್ನು ಅವನಿಂದ ನಾನೂ ಕಲಿತೆ.

ಅಮೆರಿಕದಲ್ಲಿ 1972ರ ನವೆಂಬರ್‌ನಿಂದ ಈಚೆಗೆ ತಯಾರಾದ ಪ್ರತಿಯೊಂದು ದೋಣಿಗೂ ಹನ್ನೆರಡು ಅಕ್ಷರ ಮತ್ತು ಅಂಕಿಗಳ ಒಂದು ಸಂಖ್ಯೆ ಇರಬೇಕೆಂಬುದು ಕಾನೂನು. ಅದನ್ನು ಅಲ್ಲಿ ಹಲ್ ಐಡೆಂಟಿಫಿಕೇಷನ್ ನಂಬರ್ ಎನ್ನುತ್ತಾರೆ. ದೋಣಿಯ ಒಡಲಿನ ಸಂಖ್ಯೆ ಎನ್ನೋಣ. ಉದಾಹರಣೆಗೆ ‘ಎಬಿಸಿ 12345 ಡಿ 404’ ಎಂದು ಇದೆ ಎಂದಿಟ್ಟುಕೊಳ್ಳಿ. ಮೊದಲ ಮೂರು ಅಕ್ಷರಗಳು ತಯಾರಕನ ಗುರುತು. ಮುಂದಿನ ಐದು ಆ ದೋಣಿಯದೇ ಆದ ಕ್ರಮಸಂಖ್ಯೆ. ಆಮೇಲಿನ ‘ಡಿ’ ಎಂಬುದು ತಿಂಗಳು; ಎ ಎಂದರೆ ಜನವರಿ ಎಂದು ಎಣಿಸುತ್ತ ಬಂದರೆ ಡಿ ಎಂದರೆ ಏಪ್ರಿಲ್. ಅದರ ಪಕ್ಕದ 4 ಎಂಬುದು ಇಸವಿಯ ಕೊನೆಯ ಅಂಕಿ, ಕಡೆಯ 04 ಎಂಬುದು ಮಾದರಿಯ ವರ್ಷ, ಅಂದರೆ 2004. ಕ್ರಮಸಂಖ್ಯೆಯಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವಂತಿಲ್ಲ. ಮೊದಲನೆಯದನ್ನು ಒಂದೆಂದೂ ಉಳಿದೆರಡನ್ನು ಸೊನ್ನೆಯೆಂದೂ ಓದಿಬಿಡುವ ಅಪಾಯವಿದೆಯಲ್ಲ! ನಮ್ಮ ೬ ಮತ್ತು ೯ಗಳ ನಡುವೆ, ಸೊನ್ನೆ ಮತ್ತು ಅನುಸ್ವಾರಗಳ ನಡುವೆ ಇರುವ ತೊಡಕೂ ಇಂತಹುದೇ.

ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ಈ ಸಂಖ್ಯೆ ಇರಬೇಕಾದ ಜಾಗ. ದೋಣಿಯ ಹಿಂಬದಿಯ ಹಲಗೆಯ ಬಲಮಗ್ಗುಲಿನಲ್ಲಿ, ಮೇಲಂಚಿನಿಂದ ಎರಡು ಅಂಗುಲದೊಳಗೆ ಅದು ಇರತಕ್ಕದ್ದು. ಅಕ್ಷರಗಳು ಕಾಲು ಅಂಗುಲಕ್ಕಿಂತ ಚಿಕ್ಕವಾಗಿರಕೂಡದು. ಕೆತ್ತಿದರೂ ಸರಿ, ಸುಟ್ಟರೂ ಸರಿ, ಅಚ್ಚೊತ್ತಿದರೂ ಸರಿ. ಯಾರಾದರೂ ಅದನ್ನು ತಿದ್ದಿದರೆ ಅಥವಾ ಕಿತ್ತರೆ ಆ ಗಾಯ ಎದ್ದು ಕಾಣುವಂತಿರಬೇಕು. ಇಷ್ಟೂ ಸಾಲದೆಂದು 1984ರಿಂದ ಎರಡನೆಯ ಪ್ರತಿಯೊಂದನ್ನು ದೋಣಿಯ ಒಳಗೆ, ಸುಲಭವಾಗಿ ಕಣ್ಣಿಗೆ ಬೀಳದ ಎಡೆಯಲ್ಲಿ ಗುಟ್ಟಾಗಿ ಇಡಬೇಕೆಂದು ಮಾಡಿದರು. ಕಾಣುವ ಸಂಖ್ಯೆ ಎಲ್ಲರಿಗಾಗಿ. ಕಾಣದ ಸಂಖ್ಯೆ ಕಳ್ಳನ ಕೈಗೆ ಸಿಗದಿರಲೆಂದು. ಯುರೋಪಿನಲ್ಲಿಯೂ ವಿಹಾರ ದೋಣಿಗಳಿಗೆ ಇಂತಹದೇ ನಿಯಮವಿದೆ.

ದೊಡ್ಡ ಹಡಗುಗಳ ಸಂಗತಿ ಬೇರೆ. ಅವಕ್ಕೆ ಏಳು ಅಂಕಿಗಳ ಅಂತರರಾಷ್ಟ್ರೀಯ ಸಂಖ್ಯೆಯಿದೆ. ಹಡಗಿನ ಹೆಸರು ಬದಲಾಗಲಿ, ಒಡೆಯ ಬದಲಾಗಲಿ, ಧ್ವಜ ಬದಲಾಗಲಿ, ಆ ಸಂಖ್ಯೆ ಮಾತ್ರ ಗುಜರಿಗೆ ಹೋಗುವ ತನಕ ಬದಲಾಗದು. 1996ರಿಂದ ಅದು ಕಡ್ಡಾಯವಾಯಿತು. 2004ರ ಜುಲೈನಿಂದ ಜಾರಿಗೆ ಬಂದ ನಿಯಮದಂತೆ ಅದನ್ನು ಒಡಲಿನ ಹೊರಗೆ ಕಾಣುವೆಡೆಯಲ್ಲಿ ಒಮ್ಮೆ, ಒಳಗೆ ಇನ್ನೊಮ್ಮೆ ಶಾಶ್ವತವಾಗಿ ಗುರುತಿಸಬೇಕಾಯಿತು. ಇಲ್ಲಿಯೂ ಎರಡು ಜಾಗ ಎಂಬುದನ್ನು ಗಮನಿಸಿ.

ನನ್ನ ಗಣಿತದ ಶಿಷ್ಯರಿಗೆ ಇಲ್ಲೊಂದು ರಸಪ್ರಸಂಗವಿದೆ. ಆ ಏಳು ಅಂಕಿಗಳಲ್ಲಿ ಕಡೆಯದು ಕಾವಲು ಅಂಕಿ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ ಬರುವ ಮೊತ್ತದ ಬಿಡಿಸ್ಥಾನದ ಅಂಕಿಯೇ ಏಳನೆಯದಾಗಿರಬೇಕು. 9074729 ಎಂಬುದನ್ನು ತೆಗೆದುಕೊಳ್ಳಿ. 63, 0, 35, 16, 21, 4 – ಕೂಡಿದರೆ 139. ಬಿಡಿಸ್ಥಾನದಲ್ಲಿ 9, ಸಂಖ್ಯೆಯ ಕೊನೆಯಲ್ಲಿಯೂ 9. ತಾಳೆಯಾಯಿತು. ಬಣ್ಣ ಮಾಸಿ ಒಂದು ಅಂಕಿಯನ್ನು ತಪ್ಪಾಗಿ ಓದಿದರೆ ಸಾಮಾನ್ಯವಾಗಿ ಈ ಲೆಕ್ಕ ಕೈಕೊಟ್ಟು ತಪ್ಪನ್ನು ತೋರಿಸುತ್ತದೆ. ಸಾಮಾನ್ಯವಾಗಿ ಎಂದೆ, ಯಾವಾಗಲೂ ಎನ್ನಲಿಲ್ಲ. ಮೂರನೆಯ ಸ್ಥಾನದ 7ನ್ನು ಯಾರಾದರೂ 5 ಎಂದು ಓದಿದರೆ ಮೊತ್ತ 129 ಆಗುತ್ತದೆ, ಬಿಡಿಸ್ಥಾನದಲ್ಲಿ ಮತ್ತೆ 9! ಏಕೆ ಹೀಗಾಯಿತೆಂದು ನಿಮ್ಮ ಮಕ್ಕಳಿಗೆ ಕೇಳಿ. ಐದರ ಮಗ್ಗಿ ಬಲ್ಲ ಮಗು ಹೇಳಬಲ್ಲುದು. ಲೆಕ್ಕ ಎಷ್ಟೇ ಜಾಣತನದ್ದಾದರೂ ಸಂಖ್ಯೆ ಕಣ್ಣಿಗೆ ಸ್ಪಷ್ಟವಾಗಿ ಕಾಣಬೇಕಾದ ಅಗತ್ಯ ತಪ್ಪುವುದಿಲ್ಲ ಎಂಬುದು ಇದರ ನೀತಿ.

ಇದೆಲ್ಲ ಹೊರನಾಡಿನ ಮಾತಾಯಿತು. ನಮ್ಮ ಕರಾವಳಿಯನ್ನೇ ನೋಡೋಣ. 2008ರ ನವೆಂಬರ್ 26ರಂದು ಮುಂಬಯಿಯ ಮೇಲೆ ದಾಳಿ ಮಾಡಿದವರು ಗುಜರಾತಿನ ‘ಕುಬೇರ್’ ಎಂಬ ಮೀನುಗಾರಿಕಾ ದೋಣಿಯನ್ನು ಅಪಹರಿಸಿಕೊಂಡು ಬಂದಿದ್ದರು. ನೂರಾರು ದೋಣಿಗಳ ನಡುವೆ ಯಾವುದು ಯಾರದು, ಅದರಲ್ಲಿ ಇರಬೇಕಾದವರು ಯಾರು ಎಂಬ ಪ್ರಶ್ನೆ ಆಮೇಲೆ ದೇಶದ ರಕ್ಷಣೆಯ ಪ್ರಶ್ನೆಯಾಯಿತು. ಮೀನುಗಾರಿಕಾ ದೋಣಿಗಳ ನೋಂದಣಿ ದೇಶದಾದ್ಯಂತ ಒಂದೇ ಬಗೆಯದಾಯಿತು. ಮಲ್ಪೆಯ ಬಂದರಿನಲ್ಲಿ ನಿಂತು ನೋಡಿದರೆ ದೋಣಿಗಳ ಮೂತಿಯ ಇಕ್ಕೆಲಗಳಲ್ಲಿ ಆ ಸಂಖ್ಯೆ ಕಾಣುತ್ತದೆ: ಮೊದಲು ದೇಶದ ಗುರುತು, ಆಮೇಲೆ ರಾಜ್ಯದ ‘ಕೆಎ’, ಮುಂದೆ ವಲಯದ ಅಂಕಿ, ಅನಂತರ ಯಂತ್ರದ ದೋಣಿಯೋ ಅಲ್ಲವೋ ಎಂದು ತಿಳಿಸುವ ಎರಡು ಅಕ್ಷರ, ಕಡೆಯಲ್ಲಿ ಕ್ರಮಸಂಖ್ಯೆ. ಉಪ್ಪುಗಾಳಿಗೆ ಬಣ್ಣ ಬೇಗ ಏಳುವುದರಿಂದ ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ದೋಣಿಗೆ ಬಣ್ಣ ಬಳಿಯುವಾಗ ಸಂಖ್ಯೆಯನ್ನೂ ಹೊಸದಾಗಿ ಬರೆಸುತ್ತಾರೆ.

ಅದೇ ಮಲ್ಪೆಯಿಂದ 2018ರ ಡಿಸೆಂಬರ್‌ನಲ್ಲಿ ಏಳು ಮಂದಿ ಮೀನುಗಾರರೊಡನೆ ಹೊರಟ ‘ಸುವರ್ಣ ತ್ರಿಭುಜ’ ದೋಣಿ 15ರ ರಾತ್ರಿಯ ಬಳಿಕ ಸಂಪರ್ಕಕ್ಕೆ ಸಿಗಲಿಲ್ಲ. ಅದರ ಮನೆಗಳಲ್ಲಿ ನಾಲ್ಕೂವರೆ ತಿಂಗಳು ದೀಪ ಹಚ್ಚಿ ಕಾದರು. 2019ರ ಮೇ ತಿಂಗಳ ಮೊದಲಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣದಾಚೆ ತೀರದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, 60 ಮೀಟರ್ ಆಳದಲ್ಲಿ ಅದರ ಅವಶೇಷವನ್ನು ಪತ್ತೆ ಹಚ್ಚಿತು. ಕಡಲ ತಳದಲ್ಲಿ ಮರದ ಒಡಲೊಂದು ಸಿಕ್ಕಾಗ ಅದು ಯಾರದೆಂದು ಖಚಿತವಾಗುವುದು ದಡದಲ್ಲಿ ಕಾಯುತ್ತಿರುವವರ ಪಾಲಿಗೆ ಎಷ್ಟು ದೊಡ್ಡ ವಿಷಯ! ಆಸೆ ಮುಗಿಯುತ್ತದೆ, ನಿಜ. ಆದರೆ ಉತ್ತರಕ್ರಿಯೆ ಮಾಡಬೇಕೋ ಬೇಡವೋ ಎಂಬ ಸಂಕಟವೂ ಆಗಲೇ ಮುಗಿಯುವುದು.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ – ಈ ಕ್ರಮದಲ್ಲಿಯೇ ನನ್ನ ವರ್ಗಾವಣೆಗಳಾದವು. ನಾಗಮಂಗಲದಲ್ಲಿ ನೀರೆಂದರೆ ಕೆರೆ; ಮಳೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಆದರೂ ಲೋಕಪಾವನಿ ಹುಟ್ಟುವುದು ಅಲ್ಲಿಯೇ. ಅವಳು ಪಾಂಡವಪುರದ ಸೀಮೆಯನ್ನು ಹಾದು ಶ್ರೀರಂಗಪಟ್ಟಣದ ಬಳಿ ಕಾವೇರಿಯನ್ನು ಕೂಡುತ್ತಾಳೆ. ಅವಳ ಹಿಂದೆಯೇ ನಾನೂ ಬಂದೆ ಎಂದು ತಮಾಷೆ ಮಾಡುವುದುಂಟು. ಕೃಷ್ಣರಾಜಪೇಟೆಗೆ ಹೇಮಾವತಿಯಿದ್ದಾಳೆ. ಕನ್ನಂಬಾಡಿ ಕಟ್ಟೆಯ ಹಿನ್ನೀರು ಆ ತಾಲ್ಲೂಕಿನ ಅಂಚಿನವರೆಗೂ ಚಾಚಿಕೊಂಡಿದೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುವ ತ್ರಿವೇಣಿ ಸಂಗಮದ ದಡದ ಒಂದು ಊರಿನ ಹೆಸರು ಅಂಬಿಗರಹಳ್ಳಿ. 2022ರ ಅಕ್ಟೋಬರ್‌ನಲ್ಲಿ ಕುಂಭಮೇಳ ನಡೆದ ತಾಣವದು. ದೋಣಿ ನಡೆಸುವವರ ಹೆಸರನ್ನೇ ಊರಿಗೆ ಇಟ್ಟುಕೊಂಡ ಸೀಮೆ ನಮ್ಮದು.

ನಾನು ಹೇಳಹೊರಟ ಘಟನೆ ನಡೆದದ್ದು 2019ರ ಆಗಸ್ಟ್‌ನಲ್ಲಿ. ಆ ವರ್ಷ ಕೊಡಗಿನಲ್ಲಿ ಮಳೆ ಸುರಿದು ಕಟ್ಟೆಯಿಂದ ಲಕ್ಷ ಕ್ಯೂಸೆಕ್‌ಗೂ ಮಿಕ್ಕಿ ನೀರು ಬಿಟ್ಟಿದ್ದು ನಿಮಗೆಲ್ಲ ನೆನಪಿರಬಹುದು. ಶ್ರೀರಂಗಪಟ್ಟಣ ತಾಲ್ಲೂಕಿನ ಹೊಳೆದಂಡೆಯ ಊರೊಂದರಲ್ಲಿ ನನ್ನ ಶಿಷ್ಯನೊಬ್ಬನಿದ್ದಾನೆ. ತಂದೆಯ ಕಾಲದಿಂದಲೂ ಮೀನು ಹಿಡಿಯುವುದು, ಹೊಳೆ ದಾಟಿಸುವುದು ಅವರ ಕಸುಬು. ಮೂರು ಮೊಳ ಮೇಲಕ್ಕೆ ಎಳೆದು ಹೊಂಗೆಯ ಮರಕ್ಕೆ ಕಟ್ಟಿದ್ದ ಅವನ ಹರಿಗೋಲನ್ನು ಒಂದು ರಾತ್ರಿ ನೀರು ಮರಕ್ಕೂ ಹೇಳದೆ ಬಿಚ್ಚಿಕೊಂಡು ಹೋಯಿತು. ಅದೇ ರಾತ್ರಿ ಸ್ವಲ್ಪ ಕೆಳಗಿನ ಮತ್ತೊಂದು ಊರಿನವನ ಹರಿಗೋಲೂ ಹೋಯಿತು. ಅವನೂ ನನ್ನ ಶಿಷ್ಯನೇ. ಇವನಿಗಿಂತ ನಾಲ್ಕೈದು ವರ್ಷ ಕಿರಿಯ.

ನೀರು ಇಳಿದ ಮೇಲೆ ಒಂದು ಹರಿಗೋಲು ಬಿದಿರುಮೆಳೆಯಲ್ಲಿ ಸಿಕ್ಕಿಕೊಂಡದ್ದು ಕಿರಿಯವನ ಕಣ್ಣಿಗೆ ಬಿತ್ತು. ಅವನು ಜೀವದ ಹಂಗು ತೊರೆದು ಕುತ್ತಿಗೆಮಟ್ಟದ ನೀರಿನಲ್ಲಿ ಇಳಿದು ಅದನ್ನು ಎಳೆದು ತಂದ. ಹಿರಿಯವನಿಗೆ ಸುದ್ದಿ ಮುಟ್ಟಿ, ಹೋಗಿ ನೋಡಿದರೆ ಅದು ತನ್ನದೇ ಎನಿಸಿತು. ಇಬ್ಬರೂ ಸುಳ್ಳಾಡುವ ಮಂದಿಯಲ್ಲ. ಎರಡೂ ಹರಿಗೋಲುಗಳು ಒಂದೇ ಮೇದರ ಮನೆಯವರು ಹೆಣೆದಂಥವು. ಅಳತೆ ಒಂದೇ, ಹೆಣಿಗೆ ಒಂದೇ. ಮಳೆಗಾಲಕ್ಕೆ ಮುನ್ನ ಎರಡಕ್ಕೂ ಟಾರು ಬಳಿದಿತ್ತು. ಹೊರಗೆ ಬಣ್ಣದಲ್ಲಿ ಬರೆದಿದ್ದ ಅಂಕಿ ಆ ಟಾರಿನ ಕೆಳಗೆ ಹೂತುಹೋಗಿತ್ತು. ಹೊಸ ಹರಿಗೋಲು ಮಾಡಿಸುವುದೆಂದರೆ ಅವರಂತಹವರಿಗೆ ಸಾಲ ಮಾಡದೆ ಆಗುವ ಮಾತಲ್ಲ. ಮಾತಿಗೆ ಮಾತು ಬೆಳೆಯುವುದರಲ್ಲಿತ್ತು. ಎರಡೂ ಕಡೆಯವರಿಗೆ ಬೇಕಾದವನೆಂದು ನನ್ನನ್ನು ಅರಳಿಕಟ್ಟೆಗೆ ಕರೆಸಿದರು.

ಮೊದಲು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಹೊರಗಿನ ಟಾರನ್ನು ಮೆಲ್ಲನೆ ಒರೆಸಿದರು. ಅರ್ಧ ತಾಸಿನ ಮೇಲೆ ಬಿಳಿಯ ಬಣ್ಣದ ಒಂದು ಗೀಟು ಮೂಡಿತು. ಅದು ಒಂದೋ, ಏಳರ ಕಾಲೋ, ಅಥವಾ ಎಂದೋ ತಾಗಿದ ಸುಣ್ಣದ ಗುರುತೋ ಹೇಳುವಂತಿರಲಿಲ್ಲ. ಆಗ ಹಿರಿಯವನು ಹರಿಗೋಲನ್ನು ಮಗುಚಿ ಹಾಕಿ ಅಂಗಾತ ಮಾಡಿದ. “ಮೇಷ್ಟ್ರೇ, ಒಳಗೂ ಒಂದ್ ಸಲ ನೋಡ್ಬುಡಿ” ಎಂದ. ಬಾಯಂಚಿಗೆ ಸುತ್ತಿದ್ದ ಕಟ್ಟಿನ ಮೂರು ಸುರುಳಿಗಳನ್ನು ಸಡಿಲಿಸಿದ. ಕಟ್ಟಿನ ಮರೆಯಲ್ಲಿ, ನೀರೂ ಟಾರೂ ಮುಟ್ಟದ ಬಿದಿರ ದಬ್ಬೆಯ ಒಳಮೈಯಲ್ಲಿ, ಕಾದ ಕಬ್ಬಿಣದ ಕಡ್ಡಿಯಿಂದ ಸುಟ್ಟು ಮೂಡಿಸಿದ್ದ 17 ಎಂಬ ಅಂಕಿ ಆಗಷ್ಟೇ ಬರೆದಂತೆ ಕರ್ರಗೆ ಇತ್ತು. ಅದು ಅವನ ಪರವಾನಗಿ ಪುಸ್ತಕದಲ್ಲಿದ್ದ ಸಂಖ್ಯೆಯೇ. ಹರಿಗೋಲು ಎಷ್ಟು ಸಲ ಹೊಸದಾದರೂ ಅಲ್ಲಿ ಅಂಕಿ ಸುಡುವುದು ಅವನ ತಂದೆ ಕಲಿಸಿದ ವಾಡಿಕೆಯಂತೆ. ಅಮೆರಿಕದವರು 1984ರಲ್ಲಿ ಕಾನೂನು ಮಾಡಿ ಕಂಡುಕೊಂಡ ಎರಡನೆಯ ಗುಪ್ತಸ್ಥಾನ ನಮ್ಮ ಹೊಳೆದಂಡೆಯ ಅಂಬಿಗನೊಬ್ಬನಿಗೆ ತಾನಾಗಿಯೇ ಹೊಳೆದಿತ್ತು!

ಕಿರಿಯವನು ಒಂದು ಕ್ಷಣವೂ ವಾದಿಸಲಿಲ್ಲ. “ನಿಂದೇ ಕಣಣ್ಣ, ತಕ್ಕೊಂಡೋಗು” ಎಂದು ಹುಟ್ಟನ್ನು ಅವನ ಕೈಗೆ ಕೊಟ್ಟು ಹೊರಟುಹೋದ. ನ್ಯಾಯವೇನೋ ತೀರಿತು. ಆದರೆ ಬೆನ್ನು ತಿರುಗಿಸಿ ನಡೆದವನನ್ನು ನೋಡುತ್ತ ಕುಳಿತ ನಮಗಾರಿಗೂ ಸಂತೋಷವಾಗಲಿಲ್ಲ. ಅವನ ಹರಿಗೋಲು ಕಡೆಗೂ ಸಿಗಲಿಲ್ಲ. ನಷ್ಟ ಪರಿಹಾರಕ್ಕೆ ಅರ್ಜಿ ಹಾಕಿದಾಗ ಕಚೇರಿಯೊಂದರಲ್ಲಿ ಹರಿಗೋಲಿನ ಸಂಖ್ಯೆ ಯಾವುದು, ಅದು ನಿನ್ನದೆಂಬುದಕ್ಕೆ ಭಾವಚಿತ್ರವೆಲ್ಲಿ ಎಂದು ಕೇಳಿದರು. ಸಂಖ್ಯೆ ಬರೆದಿದ್ದು ಹೊರಮೈಯಲ್ಲಿ, ಅದೂ ಎರಡು ವರ್ಷದ ಹಿಂದೆ. ಭಾವಚಿತ್ರವಂತೂ ಇರಲೇ ಇಲ್ಲ. ನಾನೂ ಒಂದು ಪತ್ರ ಬರೆದುಕೊಟ್ಟೆ. ಅರ್ಜಿ ಹಿಂದಿರುಗಿ ಬಂತು. ಆ ಮಳೆಗಾಲವಿಡೀ ಹಿರಿಯವನು ದಿನ ಬಿಟ್ಟು ದಿನ ತನ್ನ ಹರಿಗೋಲನ್ನು ಅವನಿಗೆ ಬಿಟ್ಟುಕೊಟ್ಟ. ನದಿ ಎರಡು ಮನೆಗಳಿಂದ ಕಸಿದುದನ್ನು ಒಂದು ಹರಿಗೋಲು ಹಂಚಿಕೊಂಡು ತುಂಬಿತು. ಆದರೆ ಎಲ್ಲರಿಗೂ ಅಂತಹ ನೆರೆಯವನು ಸಿಗುವನೆಂಬ ಭರವಸೆಯಿಲ್ಲ. ಒಂದು ಅಂಕಿ ಇದ್ದವನಿಗೂ ಇಲ್ಲದವನಿಗೂ ಎಷ್ಟು ಅಂತರವೆಂಬುದನ್ನು ಅಂದು ನಾನು ತಿಳಿದೆ.

ಗುರುತನ್ನು ಮೂಡಿಸುವ, ಅದನ್ನು ಕಾಯುವ ಕಾಳಜಿ ನಮಗೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಶರಣರು ತಮ್ಮ ಪ್ರತಿಯೊಂದು ವಚನದ ಕೊನೆಯಲ್ಲಿಯೂ ಅಂಕಿತವಿಟ್ಟರು. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ ಎಂದು ಈಗಲೂ ಗುರುತಿಸುತ್ತೇವೆ. ಬಹುಮಂದಿ ತಮ್ಮ ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರೆ, ಅಂಬಿಗರ ಚೌಡಯ್ಯ ಮಾತ್ರ ತನ್ನ ಕಸುಬಿನೊಡನೆ ಕೂಡಿದ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ದೋಣಿಗೆ ಗುರುತು ಬೇಕೆಂಬುದನ್ನು ಬಲ್ಲ ಅಂಬಿಗ ತನ್ನ ಮಾತಿಗೂ ಗುರುತು ಹಾಕಿದನೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ತಾನು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾನೆ. ಹೆಸರು ಅಲ್ಲಿದ್ದುದರಿಂದಲೇ ಏಳುನೂರು ವರ್ಷಗಳ ಮೇಲೂ ನಾವು ಅವನನ್ನು ಬಲ್ಲೆವು.

ನಮ್ಮ ತಾಲ್ಲೂಕುಗಳ ಶಾಸನಗಳಿಗೂ ಒಂದೊಂದು ಸಂಖ್ಯೆಯಿದೆ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ತಾಲ್ಲೂಕುವಾರು ಸಂಖ್ಯೆ ಕೊಟ್ಟು ಅವನ್ನು ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳು ಆರನೆಯ ಸಂಪುಟದಲ್ಲಿಯೂ, ನಾಗಮಂಗಲದವು ಏಳನೆಯದರಲ್ಲಿಯೂ ಇವೆ. ಕಲ್ಲು ಸುಣ್ಣ ಬಳಿದು ಮುಚ್ಚಿದ್ದರೂ, ಎಣ್ಣೆಯ ಜಿಡ್ಡಿನಲ್ಲಿ ಮಸಕಾಗಿದ್ದರೂ, ಆ ಸಂಖ್ಯೆ ಹಿಡಿದು ಹೊರಟರೆ ಅದು ಯಾವ ಕಲ್ಲೆಂದು ಕಂಡುಕೊಳ್ಳಬಹುದು. ಶಾಸನತಜ್ಞರು ಅಕ್ಷರ ಓದುವ ರೀತಿ ದೋಣಿಯ ಸಂಖ್ಯೆ ಓದುವವರಿಗೂ ಉಪಯುಕ್ತ. ಅವರು ಕಲ್ಲನ್ನು ಉಳಿಯಿಂದ ಕೆರೆಯುವುದಿಲ್ಲ. ನೀರಿನಿಂದ ತೊಳೆದು, ಒದ್ದೆ ಕಾಗದವನ್ನು ಹೊದಿಸಿ, ಕುಂಚದಿಂದ ತಟ್ಟಿ, ಮೇಲೆ ಮಸಿ ಒತ್ತುತ್ತಾರೆ. ಅಕ್ಷರದ ಹಳ್ಳಗಳು ಬಿಳಿಯಾಗಿ ಉಳಿದು ಓದಲು ಬರುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿಯೂ ಹೀಗೆಯೇ ಅಕ್ಷರಗಳು ನೆರಳಿನೊಡನೆ ಎದ್ದುಬರುತ್ತವೆ.

ಆದ್ದರಿಂದ ಹೊಳೆದಂಡೆಯ ನನ್ನ ಶಿಷ್ಯರಿಗೂ, ಸರೋವರದ ದಡದಲ್ಲಿರುವವನಿಗೂ ಕೆಲವು ಮಾತು ಹೇಳುತ್ತೇನೆ. ಮಸಕಾದ ಸಂಖ್ಯೆಯನ್ನು ತಂತಿಯ ಬ್ರಷ್ಷಿನಿಂದಾಗಲಿ ಮರಳುಕಾಗದದಿಂದಾಗಲಿ ಉಜ್ಜಬೇಡಿ. ಉಳಿದಿರುವ ಗುರುತೂ ಹೋದೀತು. ಸೋಪಿನ ನೀರು, ಮೆತ್ತನೆಯ ಬಟ್ಟೆ ಸಾಕು. ಆಮೇಲೆ ಟಾರ್ಚನ್ನು ಎದುರಿಗೆ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕೆತ್ತಿದ ಅಂಕಿಯಾದರೆ ತೆಳುಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ನೋಟುಬುಕ್ಕಿನ ಹಾಳೆಯಿಟ್ಟು ನೀವೆಲ್ಲ ಮಾಡುತ್ತಿದ್ದ ಆಟವೇ ಇದು. ಅಂಕಿ ಸಂದೇಹಾಸ್ಪದವಾಗಿದ್ದರೆ ಊಹಿಸಿ ಬರೆಯಬೇಡಿ. ದಾಖಲೆಯೊಡನೆ ತಾಳೆ ನೋಡಿ.

ಟಾರು ಅಥವಾ ಬಣ್ಣ ಬಳಿಯುವ ಮುನ್ನ ಸಂಖ್ಯೆಯ ಮೇಲೆ ಒಂದು ಪಟ್ಟಿ ಅಂಟಿಸಿ, ಒಣಗಿದ ಮೇಲೆ ತೆಗೆಯಿರಿ. ಬಿದಿರ ಹರಿಗೋಲಿಗೆ ಒಂದೇ ಗುರುತು ಸಾಲದು: ಹೊರಗೆ ಎದುರುಬದುರಾಗಿ ಎರಡು ಕಡೆ ಬಣ್ಣದಲ್ಲಿ ದೊಡ್ಡದಾಗಿ ಬರೆಸಿ, ಅದು ಹೇಗೆ ಸುತ್ತಿದರೂ ಒಂದಾದರೂ ದಡಕ್ಕೆ ಕಾಣಬೇಕು. ಒಳಗೆ ಅಂಚುಕಟ್ಟಿನ ಮರೆಯಲ್ಲಿ ಒಂದನ್ನು ಸುಟ್ಟಿಡಿ. ಮೀನುಗಾರಿಕೆ ಇಲಾಖೆಯ ನೆರವಿನಲ್ಲಿ ಫೈಬರ್ ಹರಿಗೋಲು ಪಡೆದವರಿಗೆ ಬಾಳಿಕೆ ಹೆಚ್ಚು. ಆದರೆ ಅವು ಅವಳಿಜವಳಿಗಿಂತಲೂ ಒಂದೇ ಪಡಿಯಚ್ಚು. ಆದ್ದರಿಂದ ಗುರುತೂ ಹೆಚ್ಚು ಬೇಕು. ನಾಗಮಂಗಲದ ಎರಕದವರ ಕೈಯಲ್ಲಿ ಸಣ್ಣದೊಂದು ಹಿತ್ತಾಳೆಯ ಬಿಲ್ಲೆಗೆ ಅಂಕಿ ಒತ್ತಿಸಿ ಒಳಗೆ ಬಿಗಿಸಿಕೊಂಡವನೂ ಒಬ್ಬನಿದ್ದಾನೆ. ಕಡೆಯದಾಗಿ, ನಿಮ್ಮ ಹರಿಗೋಲನ್ನು ಸಂಖ್ಯೆ ಕಾಣುವಂತೆ, ಪಕ್ಕದಲ್ಲಿ ನೀವು ನಿಂತಿರುವಂತೆ ಮೊಬೈಲಿನಲ್ಲಿ ಚಿತ್ರ ತೆಗೆದು ಮಕ್ಕಳಿಗೂ ಒಂದು ಪ್ರತಿ ಕಳುಹಿಸಿಡಿ. ನಿಮ್ಮ ಫೋನು ಹೊಳೆಗೆ ಬಿದ್ದರೂ ಚಿತ್ರ ಉಳಿಯುತ್ತದೆ.

ಹೊಳೆಯಲ್ಲಿ ವಿಹಾರಕ್ಕೆ ಹೋಗುವ ನಮ್ಮಂತಹವರಿಗೂ ಈ ಮಾತು ಸಂಬಂಧಿಸಿದ್ದು. 1917ರ ಹಳೆಯ ಕಾಯಿದೆಯ ಜಾಗಕ್ಕೆ ಬಂದ ಒಳನಾಡು ಜಲವಾಹನಗಳ 2021ರ ಕಾಯಿದೆ 2022ರ ಜೂನ್‌ನಲ್ಲಿ ಜಾರಿಗೆ ಬಂತು. ಅದರಂತೆ ಯಂತ್ರದಿಂದ ಚಲಿಸುವ ಒಳನಾಡಿನ ದೋಣಿಗಳಿಗೆ ನೋಂದಣಿ ಕಡ್ಡಾಯ; ನೋಂದಣಿಯ ಗುರುತು ಎದ್ದು ಕಾಣುವೆಡೆಯಲ್ಲಿ ಇರಬೇಕು. ಸಂಖ್ಯೆ ಇದ್ದ ಮಾತ್ರಕ್ಕೆ ದೋಣಿ ಮುಳುಗುವುದಿಲ್ಲವೆಂದಲ್ಲ. ಆದರೆ ಸಂಖ್ಯೆಯುಳ್ಳ ದೋಣಿಯನ್ನು ಯಾರೋ ಒಬ್ಬರು ಪರೀಕ್ಷಿಸಿದ್ದಾರೆ, ಎಷ್ಟು ಜನ ಕೂರಬಹುದೆಂದು ಗೊತ್ತುಮಾಡಿದ್ದಾರೆ, ಒಡೆಯನ ಹೆಸರು ಎಲ್ಲೋ ಬರೆದಿಟ್ಟಿದ್ದಾರೆ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮೀನುಗಾರಿಕಾ ದೋಣಿಯನ್ನು ಮಾರ್ಪಡಿಸಿ ಮಾಡಿದ್ದ ವಿಹಾರ ದೋಣಿಯೊಂದು ಮಿತಿಮೀರಿ ಜನರನ್ನು ಹೊತ್ತು ಮುಳುಗಿ 22 ಜೀವಗಳು ಹೋದವು. ಅವರಲ್ಲಿ ಮಕ್ಕಳೇ ಹೆಚ್ಚು. ದೋಣಿ ಹತ್ತುವ ಮುನ್ನ ಅದರ ಮೈಮೇಲಿನ ಸಂಖ್ಯೆಯನ್ನೂ, ಪ್ರಯಾಣಿಕರ ಮಿತಿಯನ್ನೂ ಒಮ್ಮೆ ನೋಡುವುದು, ಇಲ್ಲದಿದ್ದರೆ ಕೇಳುವುದು, ಯಾರ ಮನಸ್ಸನ್ನೂ ನೋಯಿಸುವ ಕೆಲಸವಲ್ಲ. ನೀವು ಸುಮ್ಮನೆ ನೋಡಿದರೂ ಸಾಕು. ನೋಡುವವರಿದ್ದಾರೆಂದು ತಿಳಿದರೆ ಬರೆಯುವವರು ಸರಿಯಾಗಿ ಬರೆಯುತ್ತಾರೆ.

ಕಿರಿಯ ಶಿಷ್ಯನ ಸಂಗತಿಯನ್ನು ಅರ್ಧಕ್ಕೆ ಬಿಟ್ಟೆನೆಂದು ಕೇಳುವಿರಿ. ಮರುವರ್ಷ ಅವನು ಸಾಲ ಮಾಡಿ ಹೊಸ ಹರಿಗೋಲು ಹೆಣೆಸಿದ. ಈಗ ಅದಕ್ಕೆ ಮೂರು ಕಡೆ ಅಂಕಿಯಿದೆ. ಮೂರನೆಯದು ಎಲ್ಲಿದೆಯೆಂದು ಅವನಿಗೂ ಅವನ ಮಗಳಿಗೂ ಮಾತ್ರ ಗೊತ್ತು. ಆ ಹುಡುಗಿ ಪಾಂಡವಪುರದಲ್ಲಿ ಪದವಿಪೂರ್ವ ತರಗತಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ನನ್ನಿಂದ ಹಡಗಿನ ಕಾವಲು ಅಂಕಿಯ ಲೆಕ್ಕ ಕಲಿತು ಊರಿನ ಹರಿಗೋಲುಗಳಿಗೆಲ್ಲ ಹಾಗೆ ಸಂಖ್ಯೆ ಕೊಟ್ಟರೆ ಹೇಗೆ ಎಂದು ಯೋಚಿಸುತ್ತಿದ್ದಾಳೆ. ಐದರಿಂದ ಗುಣಿಸುವ ಸ್ಥಾನವನ್ನು ತಾನು ಬಿಟ್ಟುಬಿಡುವುದಾಗಿಯೂ ಹೇಳಿದಳು. ನಿಮ್ಮಲ್ಲಿ ಯಾರಿಗಾದರೂ ಇದಕ್ಕಿಂತ ಉತ್ತಮವಾದ ಉಪಾಯ ತೋಚಿದರೆ ನನಗೆ ಬರೆದು ತಿಳಿಸಿ, ಅವಳಿಗೆ ಮುಟ್ಟಿಸುತ್ತೇನೆ.